ವಿಮಾನ ಇಳಿಯುವ ತನಕ ಕಸ ಗುಡಿಸಬಾರದು

“ಈ ಭೂಮಿ ಮ್ಯಾಲ ಯಾವ ಊರಿಂದ ಯಾವ ಊರಿಗೆ ಹೋಗಾಕ ಎಷ್ಟು ತಾಸು ಹಿಡೀತೈತಿ ಅಂತ ಕೇಳ್ರಿ. ಕಣ್ಣು ಮುಚ್ಚಿ ಹೇಳದಿದ್ರ ನನ್ನ ಹೆಸರು ಶೇಖಾವಲಿ ಅಲ್ಲ!”

ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಬೇವಿನ ಮರದ ಬುಡದಲ್ಲಿ ನಿಂತು ಶೇಖಾವಲಿ ಹೀಗೆ ಘೋಷಿಸಿದರೆ ಎದುರಾಡುವ ಗಂಡು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಆತ ಪ್ರೈವೇಟ್ ಬಸ್ಸುಗಳ ಏಜೆಂಟ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ದಾರಿಯ ಹೆಸರೆತ್ತಿದರೂ ಎಷ್ಟು ದೂರ, ಎಷ್ಟು ತಾಸು, ಎಲ್ಲಿ ಚಹಾಕ್ಕೆ ನಿಲ್ಲುತ್ತದೆ, ಗುಡೇಕೋಟೆ ಕಡೆಯ ಕುರಿಹಿಂಡು ಅಡ್ಡ ಬಂದರೆ ಎಷ್ಟು ಹೊತ್ತು ಹಾಳು, ಎಲ್ಲವೂ ಆತನ ನಾಲಗೆಯ ತುದಿಯಲ್ಲಿ! ಬಸ್ಸು ಒಮ್ಮೆ ಸ್ಟ್ಯಾಂಡು ಬಿಟ್ಟಿತೆಂದರೆ ಆತ ಹೇಳಿದ ಹೊತ್ತಿಗೆ ಹೋಗಿ ಮುಟ್ಟಲೇಬೇಕು. ಡ್ರೈವರುಗಳೇ ಆತನ ಮಾತು ಕೇಳಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು.

ಆದರೆ ಬಸ್ಸು ಸ್ಟ್ಯಾಂಡು ಬಿಡುವುದು ಯಾವಾಗ? ಇದೊಂದು ಪ್ರಶ್ನೆಗೆ ಮಾತ್ರ ಇಪ್ಪತ್ತು ವರ್ಷದಿಂದ ಆತನದು ಒಂದೇ ಉತ್ತರ.

“ಈಗ ಬಿಡ್ತೈತ್ರಿ! ಹತ್ರಿ, ಹತ್ರಿ!”

ಹತ್ತಿದವರು ಕೂತು, ಬೆವತು, ಶೇಂಗಾ ತಿಂದು ಮುಗಿಸಿ, ಪಕ್ಕದವರ ಮನೆತನದ ಕಥೆಯನ್ನೆಲ್ಲ ಕೇಳಿದ ಮೇಲೂ ಬಸ್ಸು ಈಗಲೇ ಬಿಡುತ್ತಿತ್ತು. ಅದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ. ಏಜೆಂಟ ಅಂದ ಮೇಲೆ ಹಾಗೆ ಹೇಳುವುದೇ ಆತನ ಧರ್ಮ ಎಂದು ಊರು ಒಪ್ಪಿಕೊಂಡಿತ್ತು.

ಇಂಥ ಮಹಾಪುರುಷನ ಮನೆಯಲ್ಲಿ, ಎಂಬತ್ತನೇ ಇಸವಿಯ ಸುಮಾರಿಗೆ, ಒಂದು ವಿಮಾನ ಬಂದು ಸಿಕ್ಕಿಹಾಕಿಕೊಂಡಿತು.

ಆತನ ಹೆಂಡತಿ ದಸ್ತಗೀರಬಿಗೆ ಒಬ್ಬನೇ ತಮ್ಮ, ಅಬ್ದುಲ್ ವಹಾಬ. ಲಾರಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್. ತಾಯಿ ತಂದೆ ಬೇಗ ತೀರಿಕೊಂಡಿದ್ದರಿಂದ ಆತನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಅಂಥ ತಮ್ಮನಿಗೆ ಕುವೈತಿನ ಗ್ಯಾರೇಜೊಂದರಲ್ಲಿ ಕೆಲಸ ಸಿಕ್ಕಿತು. ಸೋಮವಾರ ಮುಂಜಾನೆ ಅರ್ಧ ಓಣಿಯೇ ಮನೆಗೆ ಬಂದು, ಶೇಂಗಾ ತಿಂದು, ಸಿಪ್ಪೆಯನ್ನು ಅಲ್ಲೇ ಬಿಟ್ಟು, ಕಣ್ಣೀರು ಒರೆಸಿಕೊಂಡು ಆತನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿತು. ಹುಬ್ಬಳ್ಳಿಯಿಂದ ರೈಲು, ಮುಂಬಯಿಯಿಂದ ಗುರುವಾರ ಬೆಳಿಗ್ಗೆ ಆರಕ್ಕೆ ವಿಮಾನ.

ಬಸ್ಸು ಕಣ್ಮರೆಯಾದ ಮೇಲೆ ಮಗಳು ಮುನ್ನೀ ಬೀ ಮನೆಗೆ ಬಂದು ಕಸಬರಿಗೆಗೆ ಕೈ ಹಾಕಿದ್ದೇ ತಡ, ದಸ್ತಗೀರಬಿ ಚೀರಿದಳು.

“ಇಡು! ಅದನ್ನ ಅಲ್ಲೇ ಇಡು! ನಿನ್ನ ಮಾಮ ಇನ್ನೂ ದಾರ್ಯಾಗ ಅದಾನ!”

ಊರಿಗೆ ಹೋದವರು ಮುಟ್ಟುವ ತನಕ ಮನೆಯ ಕಸ ಗುಡಿಸಬಾರದು ಎಂಬುದು ನಮ್ಮ ಕಡೆ ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ನಡೆದು ಬಂದ ಮಾತು. ಹೊಸಪೇಟೆಗೆ ಹೋದವನಾದರೆ ಒಂದೆರಡು ತಾಸು ಕಸ ತಡೆದರೆ ಮುಗಿಯಿತು. ಕುವೈತಿಗೆ ಹೋದವನಿಗೆ ಏನು ಮಾಡಬೇಕು? ಈ ಕಠಿಣ ಪ್ರಶ್ನೆಯನ್ನು ಪಕ್ಕದ ಮನೆಯ ಸುಂಕಮ್ಮನ ಮುಂದೆ ಇಡಲಾಯಿತು. ಸುಂಕಮ್ಮ ಕುರಿ ಸಾಕುವ ಮನೆಯ ಹಿರಿಯ ಹೆಂಗಸು, ಓಣಿಯ ಎಲ್ಲ ಶಾಸ್ತ್ರಗಳ ಸುಪ್ರೀಂ ಕೋರ್ಟು. ಆಕೆ ಎಲೆ ಅಡಿಕೆ ಜಗಿದು, ಉಗುಳಿ, ತೀರ್ಪು ಕೊಟ್ಟಳು.

“ಬಸ್ಸಿಗೆ ಹೋಗೋರು ಊರು ಮುಟ್ಟಿದ್ರ ಸಾಕು. ನೀರು ದಾಟಿ ಹೋಗೋರು ಆಚಿ ಕಡಿ ನೆಲ ಮುಟ್ಟಬೇಕು. ಅಲ್ಲೀತನಕ ಕಸಬರಿಗಿ ಮುಟ್ಟಬ್ಯಾಡ, ದಸ್ತಗೀರಿ. ಹೆಣ ಎತ್ತಿದ ಮ್ಯಾಲ ಮನಿ ಗುಡಿಸ್ತಾರ. ಬದುಕಿರೋ ಮಗ ಹೊಂಟಾಗ ಗುಡಿಸಬಾರದು.”

ಈ ಮಾತು ಕೇಳಿದ ಮೇಲೆ ದಸ್ತಗೀರಬಿಗೆ ಕಸಬರಿಗೆಯನ್ನು ಕಂಡರೇ ಎದೆ ಝಲ್ಲೆನ್ನತೊಡಗಿತು. ಅದನ್ನು ಅಟ್ಟದ ಮೇಲೆ ಎಸೆದಳು. ಸೋಮವಾರದ ಶೇಂಗಾ ಸಿಪ್ಪೆಯ ಮೇಲೆ ಮಂಗಳವಾರದ ಉಳ್ಳಾಗಡ್ಡಿ ಸಿಪ್ಪೆ ಬಿತ್ತು. ಅದರ ಮೇಲೆ, ಹಳೆಯ ಗಾದಿ ಬಿಚ್ಚಿ ಹೊಲಿದಾಗ ಹಾರಿದ ಹತ್ತಿಯ ಎಳೆಗಳು. ನಡುವೆ ಎರಡು ಹೇಂಟೆಗಳು ಇದೇ ತಮ್ಮ ಖಾಯಂ ವಾಸ ಎಂದು ತೀರ್ಮಾನಿಸಿ ಪುಕ್ಕ ಉದುರಿಸಿದವು. ಬುಧವಾರದ ಹೊತ್ತಿಗೆ ಶೇಖಾವಲಿ ನಡುಮನೆಯಲ್ಲಿ ನಡೆದರೆ ಚರಚರ ಸದ್ದು ಬರುತ್ತಿತ್ತು. ಆದರೂ ಆತ ತುಟಿ ಬಿಚ್ಚಲಿಲ್ಲ. ಹೆಂಡತಿಯ ತಮ್ಮನ ವಿಷಯದಲ್ಲಿ ಬಾಯಿ ಹಾಕಬಾರದು ಎನ್ನುವಷ್ಟು ಬುದ್ಧಿ ಆತನಿಗಿತ್ತು.

ಅದೇ ಬುಧವಾರ ಮಧ್ಯಾಹ್ನ ಹರಪನಹಳ್ಳಿ ಬಸ್ಸಿನ ಡ್ರೈವರ್ ಬಂಗಾರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

“ಏಜೆಂಟ್ ಸಾಹೇಬ್ರ, ಹರಪನಹಳ್ಳಿ ಅಜೀಜಬಿಯವ್ರು ಹೇಳಿ ಕಳಿಸ್ಯಾರ! ನಾಳೆ ಹನ್ನೆರಡರ ಬಸ್ಸಿಗೆ ನಿಮ್ಮ ಮಗಳ್ನ ನೋಡಾಕ ಬರ್ತಾರಂತ!”

ಶೇಖಾವಲಿಯ ಎದೆ ಮೊದಲು ಅರಳಿತು, ಆಮೇಲೆ ಕುಸಿಯಿತು. ಅರಳಿದ್ದು ಏಕೆಂದರೆ ಅಜೀಜಬಿಯ ಮಗನಂಥ ವರ ಸಿಗುವುದು ಕಷ್ಟ. ಸ್ವಂತ ಲಾರಿ, ಕುಡಿತವಿಲ್ಲ, ಒಬ್ಬನೇ ಮಗ. ಮುನ್ನಿಯೂ ಒಮ್ಮೆ ಆತನನ್ನು ಕೊಟ್ಟೂರಿನ ಮದುವೆಯೊಂದರಲ್ಲಿ ನೋಡಿ, ಅಂದಿನಿಂದ ಲಾರಿಯ ಹಾರ್ನು ಕೇಳಿದರೆ ಬಾಗಿಲಿಗೆ ಬರುತ್ತಿದ್ದಳು. ಕುಸಿದದ್ದು ಏಕೆಂದರೆ ಅಜೀಜಬಿಯ ಶುಚಿತ್ವ ಮೂರು ತಾಲ್ಲೂಕಿಗೆ ಹೆಸರಾಗಿತ್ತು. ಆಕೆಯ ಅಂಗಳದಲ್ಲಿ ಬಿದ್ದ ಅನ್ನವನ್ನು ಎತ್ತಿ ಉಣ್ಣಬಹುದು ಎನ್ನುತ್ತಿದ್ದರು. ಹಡಗಲಿಯ ಒಂದು ಹೆಣ್ಣಿನ ಮನೆಗೆ ಹೋಗಿ ಐದೇ ನಿಮಿಷದಲ್ಲಿ ಚಹಾ ಕೂಡ ಕುಡಿಯದೆ ಎದ್ದು ಬಂದಿದ್ದಳಂತೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಗೋಡೆಯ ಗೂಡಿನಲ್ಲಿ ಧೂಳು ಕಂಡಿರಬೇಕೆಂದು ಜನವೇ ತೀರ್ಮಾನಿಸಿತ್ತು.

“ಬಂಗಾರಪ್ಪ, ನಾಳೆ ಅವ್ರನ್ನ ಮರ್ಯಾದಿಯಿಂದ ಕರ್ಕೊಂಡು ಬಾರಪ್ಪ” ಎಂದು ಹೇಳಿ ಶೇಖಾವಲಿ ಮನೆಗೆ ಓಡಿದ.

“ಲೇ ದಸ್ತಗೀರಿ! ಕಸಬರಿಗಿ ಇಳಿಸು! ನಾಳೆ ಅಜೀಜಬಿ ಬರ್ತಾಳ!”

“ಯಾರು ಬಂದ್ರೂ ಇಳಿಸಂಗಿಲ್ಲ. ನನ್ನ ತಮ್ಮ ನೆಲ ಮುಟ್ಟಿಲ್ಲ.”

“ಈ ಮನ್ಯಾಗ ಆಕಿ ಕಾಲಿಟ್ರ ಮಗಳ ಮದುವಿ ಅಲ್ಲೇ ಮುರೀತೈತಿ!”

“ಗುಡಿಸಿದ್ರ ನನ್ನ ತಮ್ಮನ ಗತಿ ಏನು? ನೀವು ಹೇಳ್ರಿ, ಮಗಳ ಮದುವಿ ಬೇಕೋ, ನನ್ನ ತಮ್ಮನ ಜೀವ ಬೇಕೋ?”

ಮುನ್ನಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನ ಅಂಚು ಹಿಂಡುತ್ತಿದ್ದಳು. ಆಗ ಶೇಖಾವಲಿಗೆ ತಾನು ಯಾರೆಂಬುದು ನೆನಪಾಯಿತು. ಎದೆಯುಬ್ಬಿಸಿ ನಿಂತ.

“ಎರಡೂ ಬೇಕು, ಎರಡೂ ಆಗ್ತೈತಿ! ನಿನ್ನ ತಮ್ಮ ಎಷ್ಟೊತ್ತಿಗೆ ನೆಲ ಮುಟ್ತಾನ ಅಂತ ನಾನು ಲೆಕ್ಕ ಹಾಕಿ ಹೇಳ್ತೀನಿ. ಮುಟ್ಟಿದ ಮರುಗಳಿಗಿಗೆ ಗುಡಿಸೋಣ. ಕೊಟ್ಟೂರಿನ ಲೆಕ್ಕ ಹಾಕಿದಾತಗ ಕುವೈತಿನ ಲೆಕ್ಕ ಯಾವ ಗಿಡದ ತೊಪ್ಪಲು?”

ಗೋಡೆಯ ಮೇಲೆ ಟೈರ್ ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರೊಂದಿತ್ತು. ಅದರಲ್ಲಿ ಇಡೀ ಲೋಕದ ನಕಾಶೆ. ಶೇಖಾವಲಿ ಮುನ್ನಿಯ ಹೊಲಿಗೆ ಮಶೀನಿನಿಂದ ಕೆಂಪು ದಾರ ಎಳೆದುಕೊಂಡು, ಒಂದು ತುದಿಯನ್ನು ಮುಂಬಯಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಇನ್ನೊಂದು ತುದಿಯನ್ನು ಸಮುದ್ರದ ಮೇಲೆ ಎಳೆದುಕೊಂಡು ಹೋಗಿ ಕುವೈತಿಗೆ ಮುಟ್ಟಿಸಿದ. ಅದೇ ದಾರವನ್ನು, ದೂರ ತನಗೆ ಗೊತ್ತಿದ್ದ ಮುಂಬಯಿ ಬೆಂಗಳೂರಿನ ನಡುವೆ ಮಡಿಸಿ ನೋಡಿದ. ಮೂರು ಮಡಿಕೆ ಆಗಿ ಮೇಲೆ ಇಷ್ಟು ಉಳಿಯಿತು.

“ಹತ್ತಿರ ಹತ್ತಿರ ಎರಡು ಸಾವಿರದ ಎಂಟುನೂರು ಕಿಲೋಮೀಟರ್!” ಎಂದು ಘೋಷಿಸಿದ. “ವಿಮಾನ ಒಂದು ತಾಸಿಗೆ ಒಂಬೈನೂರು ಹೋಗ್ತೈತಿ ಅಂತ ವಹಾಬನೇ ಹೇಳ್ಯಾನ. ಅಂದ್ರ ಮೂರು ತಾಸು ಚಿಲ್ಲರ.”

“ನಡುವ ನಿಲ್ಲಂಗಿಲ್ಲೇನು?” ದಸ್ತಗೀರಬಿ ಅನುಮಾನದಿಂದ ಕೇಳಿದಳು.

“ಎಲ್ಲಿ ನಿಲ್ತೈತಿ? ಸಮುದ್ರದಾಗ ಯಾರು ಕೈ ಅಡ್ಡ ಹಿಡೀತಾರ? ಚಾ ಇಲ್ಲ, ಪಂಕ್ಚರ್ ಇಲ್ಲ, ಕುರಿ ಅಡ್ಡ ಬರಂಗಿಲ್ಲ. ಹತ್ತೋದು ಇಳಿಯೋದಕ್ಕ ಅಂತ ಒಂದಿಷ್ಟು ಕೂಡಿಸು. ಆರಕ್ಕ ಬಿಟ್ರ ಒಂಬತ್ತೂವರಿಗೆ ನಿನ್ನ ತಮ್ಮ ಕುವೈತಿನ ನೆಲದ ಮ್ಯಾಲ!” ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪಾಂಡಿತ್ಯ ತಡೆಯಲಿಲ್ಲ. “ಅಷ್ಟೊತ್ತಿಗೆ ಅಲ್ಲಿ ಗಡಿಯಾರದಾಗ ಬರೇ ಏಳು ಆಗಿರ್ತೈತಿ. ಅವರ ಗಡಿಯಾರ ನಮಗಿಂತ ಎರಡೂವರಿ ತಾಸು ಹಿಂದ.”

ದಸ್ತಗೀರಬಿ ಕಣ್ಣು ಕಿರಿದು ಮಾಡಿದಳು.

“ಆರಕ್ಕ ಬಿಟ್ಟು ಏಳಕ್ಕ ಇಳೀತಾನಾ? ಒಂದು ತಾಸಿಗೆ ಕುವೈತಾ? ನಿಮ್ಮ ಬಸ್ಸಿಗೆ ಕೊಟ್ಟೂರಿಗೆ ಹೋಗಾಕs ಒಂದು ತಾಸು ಬೇಕಲ್ರಿ!”

“ಅದು ಅವರ ಏಳು!”

“ನಮ್ಮ ಕಸಕ್ಕ ಯಾರ ಏಳು ಹಿಡೀಬೇಕು?”

ಈ ಪ್ರಶ್ನೆಗೆ ಉತ್ತರ ಕೊಡಲು ಶೇಖಾವಲಿಗೆ ಊಟದ ಹೊತ್ತು ಮೀರಿತು. ಕೊನೆಗೆ, ಕಸ ಕೂಡ್ಲಿಗಿಯದಾದ್ದರಿಂದ ಗಡಿಯಾರವೂ ಕೂಡ್ಲಿಗಿಯದೇ ಎಂದು ತೀರ್ಮಾನವಾಯಿತು. ದಸ್ತಗೀರಬಿ ಒಪ್ಪಿದಳು. ಒಪ್ಪಿದ್ದಕ್ಕೆ ಕಾರಣವಿತ್ತು. ಈ ಇಪ್ಪತ್ತು ವರ್ಷದಲ್ಲಿ ದಾರಿಯ ಲೆಕ್ಕದಲ್ಲಿ ತನ್ನ ಗಂಡ ತಪ್ಪಿದ್ದನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ.

ಗುರುವಾರ ಬಂತು. ಆರಕ್ಕೆ ಸರಿಯಾಗಿ ಶೇಖಾವಲಿ ಅಂಗಳದಲ್ಲಿ ನಿಂತು ಆಕಾಶದ ಕಡೆ ನೋಡಿ “ರೈಟ್!” ಎಂದು ಕೂಗಿ ವಿಮಾನವನ್ನು ಬಿಟ್ಟ. ಏಳೂಮುಕ್ಕಾಲಿಗೆ “ಅರ್ಧ ಸಮುದ್ರಕ್ಕ ಬಂದ” ಎಂದ. ಎಂಟೂವರೆಗೆ “ದಂಡಿ ಕಾಣ್ತೈತಿ” ಎಂದ. ಒಂಬತ್ತೂವರೆಗೆ ಎರಡೂ ಕೈ ಚಪ್ಪಾಳೆ ತಟ್ಟಿ, “ಇಳಿದ! ಅಲ್ಲಾನ ದಯಾ, ಇಳಿದ!” ಎಂದು ಕುಣಿದ.

“ಖರೇನಾ?” ದಸ್ತಗೀರಬಿ ಕೇಳಿದಳು.

“ಖರೇ! ತಗಿ ಕಸಬರಿಗಿ!”

“ನಾನು ಮುಟ್ಟಂಗಿಲ್ಲ. ಮುನ್ನೀನೂ ಮುಟ್ಟಂಗಿಲ್ಲ. ಲೆಕ್ಕ ನಿಮ್ದು, ಕೈನೂ ನಿಮ್ದs.”

ಹುಟ್ಟಿದಾಗಿನಿಂದ ಕಸಬರಿಗೆ ಹಿಡಿಯದ ಶೇಖಾವಲಿ ಅಟ್ಟ ಹತ್ತಿ ಅದನ್ನು ಇಳಿಸಿ, ಲುಂಗಿ ಮೇಲಕ್ಕೆ ಕಟ್ಟಿ, ಯುದ್ಧಕ್ಕಿಳಿದ. ಧೂಳು ಎದ್ದಿತು, ಹೇಂಟೆಗಳು ಎದ್ದವು, ಹತ್ತಿಯ ಎಳೆಗಳು ಆತನ ಗಡ್ಡಕ್ಕೆ ಹತ್ತಿ ಅರ್ಧ ತಾಸಿನಲ್ಲಿ ಹತ್ತು ವರ್ಷ ಮುದುಕನಾದ. ಬುಟ್ಟಿಯ ಮೇಲೆ ಬುಟ್ಟಿ ಹೊತ್ತು ಹಿತ್ತಲ ತಿಪ್ಪೆಗೆ ಸುರಿದ. ಅಲ್ಲಿ ತನ್ನ ಕುರಿಹಟ್ಟಿಯ ಹಿಕ್ಕೆ ಸುರಿಯಲು ಬಂದಿದ್ದ ಸುಂಕಮ್ಮ ಬಾಯಿ ತೆರೆದು ನಿಂತಳು.

“ಏಜೆಂಟಣ್ಣ, ಹುಡುಗ ನೆಲ ಮುಟ್ಟಿದನಾ?”

“ಆಗಲೇ ಮುಟ್ಟಿದ, ಸುಂಕಮ್ಮಕ್ಕ! ಈಗ ಟಾಪ್ ಮ್ಯಾಲಿಂದ ಲಗೇಜ್ ಇಳಿಸಿಕೊಳ್ಳಾಕತ್ತಿರ್ತಾನ!”

ಹನ್ನೊಂದರ ಹೊತ್ತಿಗೆ ಮನೆ ಕನ್ನಡಿಯಾಗಿತ್ತು. ನೀರು ಚಿಮುಕಿಸಿ ಹೊಸ ಜಮಖಾನ ಹಾಸಿದ್ದಾಯಿತು. ದಸ್ತಗೀರಬಿ ನಾಲ್ಕು ದಿನದ ಮೇಲೆ ಮೊದಲ ಸಲ ನಕ್ಕಳು. ಹಸಿರು ಸೀರೆ ಉಟ್ಟು ಮಗಳಿಗೆ ಜಡೆ ಹೆಣೆಯಲು ಕೂತಳು. ಅಷ್ಟರಲ್ಲಿ ಎದುರಿನ ಪಾಲಾಕ್ಷಪ್ಪನ ಶೇಂಗಾ ಮಂಡಿಯಿಂದ ಕೂಗು ಕೇಳಿಸಿತು. ಇಡೀ ಓಣಿಗೆ ಫೋನ್ ಇದ್ದದ್ದು ಆ ಮಂಡಿಯಲ್ಲಿ ಮಾತ್ರ.

“ಶೇಖಾವಲಿ! ಲಗೂನ ಬಾರೋ! ಬೊಂಬಾಯಿಯಿಂದ ಟ್ರಂಕಾಲ್!”

ಗಂಡ ಹೆಂಡತಿ ಇಬ್ಬರೂ ಓಡಿದರು. ಶೇಖಾವಲಿ ರಿಸೀವರ್ ಹಿಡಿದು, ಫೋನಿನ ಅಗತ್ಯವೇ ಇಲ್ಲದೆ ಮುಂಬಯಿಗೆ ಕೇಳಿಸುವಂತೆ ಕೂಗಿದ.

“ಹಲೋ! ಯಾರು?”

“ಭಾವ! ನಾನು, ವಹಾಬ!”

“ವಹಾಬ! ಕುವೈತ್ ಹೆಂಗೈತಲೇ?”

“ಎಲ್ಲೀ ಕುವೈತು, ಭಾವ! ಇನ್ನೂ ಬೊಂಬಾಯ್ಯಾಗ ಕುಂತೀನಿ. ವಿಮಾನ ಬಿಟ್ಟೇ ಇಲ್ಲ!”

“ಬಿಟ್ಟಿಲ್ಲ? ಆರಕ್ಕ ಬಿಡಬೇಕಲ್ಲೋ! ನಾನು... ಅಲ್ಲ, ಯಾಕ ಬಿಟ್ಟಿಲ್ಲ?”

“ಯಾರಿಗೆ ಗೊತ್ತು! ಇಲ್ಲಿ ಬಾಗಿಲ ಹತ್ರ ಕೋಟು ಹಾಕ್ಕೊಂಡು ಒಬ್ಬಾತ ನಿಂತಾನ. ಮುಂಜಾನಿಂದ ಯಾರು ಕೇಳಿದ್ರೂ ‘ಈಗ ಬಿಡ್ತೈತಿ, ಈಗ ಬಿಡ್ತೈತಿ’ ಅಂತಾನ. ಅವನ್ನ ನೋಡಿ ನಿನ್ನ ನೆನಪು ಭಾಳ ಬಂತು ಭಾವ, ಅದಕ್ಕ ಫೋನ್ ಮಾಡಿದೆ!”

ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲರು ನಕ್ಕರು. ಫೋನಿನ ಧ್ವನಿ ಅವರಿಗೂ ಕೇಳುತ್ತಿತ್ತು. ಪಾಲಾಕ್ಷಪ್ಪ ತಕ್ಕಡಿಯ ಹಿಂದೆ ಮುಖ ಮುಚ್ಚಿಕೊಂಡ. ಆದರೆ ಆ ಕಡೆಯ ಧ್ವನಿ ಒಮ್ಮೆಲೇ ಸಣ್ಣದಾಯಿತು.

“ಭಾವ, ಅಕ್ಕಗ ಹೇಳು. ಇನ್ನೂ ಕಸ ಗುಡಿಸಬ್ಯಾಡ ಅನ್ನು. ನನಗ ಸ್ವಲ್ಪ ಅಂಜಿಕಿ ಆಗಾಕತ್ತೈತಿ.”

ಲೈನು ಕಟ್ಟಾಯಿತು. ಶೇಖಾವಲಿ ತಿರುಗಿ ನೋಡಿದ. ದಸ್ತಗೀರಬಿ ಶೇಂಗಾ ಮೂಟೆಯ ಮೇಲೆ ಕೂತುಬಿಟ್ಟಿದ್ದಳು. ಆಕೆ ಬೈದಿದ್ದರೆ ಆತ ತಡೆದುಕೊಳ್ಳುತ್ತಿದ್ದ. ಬೈಸಿಕೊಳ್ಳುವುದು ಆತನಿಗೆ ರೂಢಿಯಿತ್ತು. ಆಕೆ ಬೈಯಲಿಲ್ಲ.

“ನನ್ನ ತಮ್ಮನ್ನ ಗುಡಿಸಿ ತಿಪ್ಪಿಗೆ ಹಾಕಿಬಿಟ್ರೆಲ್ರಿ” ಎಂದಳು, ಅಷ್ಟೇ.

ದೂರ ಸರಿಯಾಗಿತ್ತು, ವೇಗ ಸರಿಯಾಗಿತ್ತು, ಗಡಿಯಾರವೂ ಸರಿಯಾಗಿತ್ತು. ವಿಮಾನ ಹೊರಟಿದೆಯೋ ಇಲ್ಲವೋ ಎಂಬುದೊಂದನ್ನು ಮಾತ್ರ ಆತ ಕೇಳಿರಲಿಲ್ಲ. ಈ ಲೋಕದಲ್ಲಿ ಬೇರೆ ಯಾರು ಮರೆತರೂ ಆತ ಮರೆಯಬಾರದಾಗಿದ್ದ ಪ್ರಶ್ನೆ ಅದು!

ಹೆಂಡತಿಯ ಕೈ ಹಿಡಿದು ಎಬ್ಬಿಸಿಕೊಂಡು ನೇರ ಸುಂಕಮ್ಮನ ಕಟ್ಟೆಗೆ ಹೋದ. “ಸುಂಕಮ್ಮಕ್ಕ, ತಪ್ಪು ನಂದು. ಇದಕ್ಕ ಏನಾರ ದಾರಿ ಐತೇನು?”

ಸುಪ್ರೀಂ ಕೋರ್ಟು ಬಹಳ ಹೊತ್ತು ಜಗಿಯಿತು.

“ಐತಿ. ಹೋದ ಕಸ ಹೋದ ದಾರ್ಯಾಗs ವಾಪಸ್ ಬರಬೇಕು. ಗುಡಿಸಿದ ಕೈನs ತರಬೇಕು. ಇದ್ದಲ್ಲೇ ಹಾಕಬೇಕು. ಹುಡುಗ ಇನ್ನೂ ಹತ್ತಿಲ್ಲಲ್ಲ, ಹತ್ತೋದ್ರಾಗ ಮಾಡಿ ಮುಗಿಸು.”

“ಹನ್ನೆರಡರ ಬಸ್ಸಿಗೆ ಬೀಗರು ಬರ್ತಾರಲ್ಲ!” ಎಂದ ಶೇಖಾವಲಿ. ಮರುಕ್ಷಣ ತಾನೇ ಸಮಾಧಾನ ಹೇಳಿಕೊಂಡ. “ಬರ್ಲಿ ಬಿಡು. ಆ ಬಸ್ಸು ಒಂದು ಗಂಟಿ ಒಳಗ ಬಂದ ಚರಿತ್ರೆನs ಇಲ್ಲ. ಕಸ ಹಾಕಿ, ಬಾಗಿಲು ಹಾಕಿ, ಬೀಗರನ್ನ ನಿಮ್ಮ ಕಟ್ಟಿ ಮ್ಯಾಲ ಕೂರಿಸ್ತೀನಿ.”

ತಿಪ್ಪೆಗೆ ಹೋಗಿ ನೋಡಿದರೆ ಕಸದ ಮೇಲೆ ಸುಂಕಮ್ಮನ ಎರಡು ಬುಟ್ಟಿ ಕುರಿಹಿಕ್ಕೆ ಬಿದ್ದಿತ್ತು. ಹೇಂಟೆಗಳು ಎಲ್ಲವನ್ನೂ ಕೆದರಿ ಒಂದು ಮಾಡಿದ್ದವು. ಶೇಖಾವಲಿ ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿದ.

“ಶೇಂಗಾ ಸಿಪ್ಪಿ ನಮ್ದು. ಉಳ್ಳಾಗಡ್ಡಿ ನಮ್ದು. ಈ ಹಿಕ್ಕಿ ನಮ್ದಲ್ಲ...”

“ಆರಿಸಬ್ಯಾಡ್ರಿ!” ದಸ್ತಗೀರಬಿ ಹಿಂದಿನಿಂದ ಅಂದಳು. “ಒಂದು ಸಿಪ್ಪಿ ಇಲ್ಲೇ ಉಳಿದ್ರೂ ಉಳಿದಂಗs. ಎಲ್ಲಾ ತುಂಬ್ರಿ!”

ಎಲ್ಲವನ್ನೂ ತುಂಬಿದ. ಜಮಖಾನ ಸುತ್ತಿಟ್ಟರು. ಫಳಫಳ ಹೊಳೆಯುತ್ತಿದ್ದ ನಡುಮನೆಯಲ್ಲಿ ಶೇಖಾವಲಿ ಬುಟ್ಟಿ ಕಂಕುಳಲ್ಲಿ ಇರುಕಿಕೊಂಡು, ಬೀಜ ಬಿತ್ತುವವನಂತೆ ಮುಷ್ಟಿ ಮುಷ್ಟಿ ಕಸ ಎರಚತೊಡಗಿದ. ದಸ್ತಗೀರಬಿ ಮೇಲ್ವಿಚಾರಣೆಗೆ ನಿಂತಳು.

“ಅಲ್ಲಲ್ಲ, ಹತ್ತಿ ಆ ಮೂಲ್ಯಾಗ ಇತ್ತು. ಉಳ್ಳಾಗಡ್ಡಿ ಒಲಿ ಕಡಿ ಹಾಕ್ರಿ.”

“ಅಪ್ಪಾ, ಹೇಂಟಿ ಪುಕ್ಕ ಮಂಚದ ಕೆಳಗಿತ್ತು” ಎಂದಳು ಮುನ್ನಿ. ಆಕೆಗೆ ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು. ತನ್ನ ಮದುವೆ ಬುಟ್ಟಿ ಬುಟ್ಟಿಯಾಗಿ ಮಣ್ಣುಪಾಲಾಗುತ್ತಿದ್ದರೂ, ಮಾಮನಿಗಾಗಿ ಬೇಡ ಎಂದು ಒಂದು ಮಾತೂ ಅನ್ನಲಿಲ್ಲ. ಮಂಚದ ಕೆಳಗೆ ತಾನೇ ತೂರಿ ಪುಕ್ಕ ಹಾಕಲು ಹೋದವಳನ್ನು “ಗುಡಿಸಿದ ಕೈನs ಹಾಕಬೇಕು!” ಎಂದು ತಾಯಿ ತಡೆದಳು.

ಶೇಖಾವಲಿ ಮಂಚದ ಕೆಳಗೆ ಅರ್ಧ ತೂರಿದ್ದಾಗ ಹೊರಗೆ ಹಾರ್ನು ಕೇಳಿಸಿತು. ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ಆ ಬಸ್ಸು ಹುಟ್ಟಿದಾಗಿನಿಂದ ಮೊದಲ ಸಲ ಹೊತ್ತಿಗೆ ಸರಿಯಾಗಿ ಬಂದಿತ್ತು! ಏಜೆಂಟರ ಬೀಗರೆಂಬ ಮರ್ಯಾದೆಗೆ ಬಂಗಾರಪ್ಪ ಎಲ್ಲಿಯೂ ಚಹಾಕ್ಕೆ ನಿಲ್ಲಿಸದೆ ತಂದು, ಸ್ಟ್ಯಾಂಡಿಗೂ ಹೋಗದೆ, ಬಸ್ಸನ್ನು ಸೀದಾ ಓಣಿಯ ಬಾಯಿಗೇ ನಿಲ್ಲಿಸಿದ್ದ. ಮನೆಯ ಹಿಂಬಾಗಿಲು ತೆರೆದೇ ಇತ್ತು, ಮುಂಬಾಗಿಲೂ ತೆರೆದೇ ಇತ್ತು. ಬಿಳಿ ಸೀರೆಯ, ಎತ್ತರದ ಅಜೀಜಬಿ ಹೊಸ್ತಿಲಲ್ಲಿ ಬಂದು ನಿಂತಳು.

“ಅಸ್ಸಲಾಮು ಅಲೈಕುಮ್” ಎಂದವಳ ಮಾತು ಅಲ್ಲಿಗೇ ನಿಂತಿತು.

ಮಂಚದ ಕೆಳಗಿನಿಂದ ಹತ್ತಿಯ ಗಡ್ಡದ, ಬುಟ್ಟಿ ಹಿಡಿದ ಒಂದು ಆಕೃತಿ ಹಿಮ್ಮುಖವಾಗಿ ಹೊರಗೆ ಬಂದು “ವಾಲೈಕುಮ್ ಸಲಾಂ” ಎಂದಿತು.

ಅಜೀಜಬಿ ನೆಲ ನೋಡಿದಳು. ಗೋಡೆ ನೋಡಿದಳು. ಬಗ್ಗಿ ಕಾಲ ಬಳಿಯ ಒಂದು ಕರಿಗುಂಡನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

“ಇದೇನ್ರೀ ಏಜೆಂಟ್ ಸಾಹೇಬ್ರೆ? ಕುರಿಹಿಕ್ಕೆ ಇದ್ದಂಗೈತೆ?”

“ಅದು... ಅದು... ನೆಲಕ್ಕ ಭಾಳ ಒಳ್ಳೇದ್ರಿ!” ಎಂದ ಶೇಖಾವಲಿ.

“ಎಲ್ಲರೂ ಬೀಗರು ಬರ್ತಾರಂದ್ರೆ ಕಸ ಹೊರಗೆ ಹಾಕ್ತಾರೆ. ನೀವು ಒಳಗೆ ತಂದು ಸುರೀತೀರಲ್ಲ, ಯಾವ ಪದ್ಧತಿ ಇದು?”

ಶೇಖಾವಲಿ ಇನ್ನೊಂದು ಸುಳ್ಳಿಗೆ ಬಾಯಿ ತೆರೆಯುವಷ್ಟರಲ್ಲಿ ದಸ್ತಗೀರಬಿ ಮುಂದೆ ಬಂದಳು. ಮುಚ್ಚಿಡುವ ಶಕ್ತಿ ಆಕೆಯಲ್ಲಿ ಉಳಿದಿರಲಿಲ್ಲ. ತಮ್ಮ, ಕುವೈತು, ದಾರ, ಒಂಬತ್ತೂವರೆ, ಟ್ರಂಕಾಲು, ತಿಪ್ಪೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟಳು.

“ನಿಮಗ ಸರಿ ಕಾಣದಿದ್ರ ಹೋಗಿಬಿಡ್ರಿ, ಅಕ್ಕ. ನನ್ನ ಮಗಳ ಹಣಿಬರ. ಆದ್ರ ನನ್ನ ತಮ್ಮ ಇಳಿಯೋತನಕ ಈ ಕಸ ನಾನು ತಗ್ಯಂಗಿಲ್ಲ.”

ಹೇಂಟೆಯೊಂದು ಕತ್ತು ಎತ್ತಿ ನೋಡಿತು. ಅಜೀಜಬಿ ಕೈಯಲ್ಲಿದ್ದ ಹಿಕ್ಕೆಯನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಜೋಪಾನವಾಗಿ ಇಟ್ಟಳು. ಆಮೇಲೆ, ಆ ಬಿಳಿ ಸೀರೆಯಲ್ಲೇ, ಶೇಂಗಾ ಸಿಪ್ಪೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು!

“ನನ್ನ ಮಗ ಲಾರಿ ಹತ್ತಿದ್ರೆ ಸೊಲ್ಲಾಪುರ, ಪುಣೆ ಅಂತ ಹೋಗ್ತಾನೆ” ಎಂದಳು ಮೆಲ್ಲಗೆ. “ಅವನು ಮುಟ್ಟಿದ ಸುದ್ದಿ ಬರೋತನಕ ನಾನೂ ಕಸಬರಿಗೆ ಮುಟ್ಟಲ್ಲವ್ವ. ಬಾಗಿಲು ಹಾಕ್ಕೊಂಡು ಕಸದಾಗೆ ಕೂತಿರ್ತೀನಿ. ಅವನು ಮನೆಗೆ ಬಂದ ಮೇಲೆ ಖುಷಿಗೆ ಗುಡಿಸ್ತೀನಿ, ತೊಳೀತೀನಿ, ಮತ್ತೆ ಗುಡಿಸ್ತೀನಿ. ಜನಕ್ಕೆ ಅದಷ್ಟೇ ಕಾಣ್ತೈತೆ. ಹಡಗಲ್ಯಾಗೆ ಒಂದು ಹುಡುಗಿ ನೋಡಾಕೆ ಹೋಗಿದ್ದೆ. ಅವರಣ್ಣ ಬೆಂಗಳೂರಿಗೆ ಹೊಂಟು ಇನ್ನೂ ಓಣಿ ದಾಟಿಲ್ಲ, ಆ ಹುಡುಗಿ ಪರಪರ ಗುಡಿಸಾಕೆ ನಿಂತಳು. ನನ್ನ ಕೈಲಿ ನೋಡಾಕಾಗಲಿಲ್ಲ, ಎದ್ದು ಬಂದೆ.”

ಆಕೆ ಮುನ್ನಿಯ ಕಡೆ ತಿರುಗಿದಳು.

“ನನ್ನ ಮಗ ದಾರ್ಯಾಗಿದ್ರೆ ಏನು ಮಾಡ್ತೀಯವ್ವ?”

ಮುನ್ನಿ ತಲೆ ಎತ್ತಲಿಲ್ಲ. “ಕಸಬರಿಗಿ ಅಟ್ಟದ ಮ್ಯಾಲ ಒಗೀತೀನ್ರಿ” ಎಂದಳು.

“ಹುಡುಗಿ ಒಪ್ಪಿಗೆ!” ಅಜೀಜಬಿ ತೊಡೆ ತಟ್ಟಿದಳು. “ತಾಯಿನೂ ಒಪ್ಪಿಗೆ, ಕಸನೂ ಒಪ್ಪಿಗೆ! ಆದ್ರೆ ನಂದೊಂದು ಕರಾರು ಐತೆ.”

ಶೇಖಾವಲಿ ಕೈಯಲ್ಲಿ ಬುಟ್ಟಿ ಹಿಡಿದುಕೊಂಡೇ ಬಾಗಿದ. “ಅಪ್ಪಣಿ ಆಗ್ಲಿ, ಅಕ್ಕಾವ್ರೆ.”

“ನನ್ನ ಮಗನ ಲಾರಿ ಎಷ್ಟೊತ್ತಿಗೆ ಎಲ್ಲಿ ಮುಟ್ತೈತೆ ಅಂತ ನೀವು ಲೆಕ್ಕ ಹಾಕಬಾರದು. ಎಂದೂ ಹಾಕಬಾರದು!”

ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ, ಎಲ್ಲವೂ ಆ ಕಸದ ನಡುವೆಯೇ ನಡೆದವು. ಬಿದ್ದ ಮಂಡಕ್ಕಿಯನ್ನೂ ಯಾರೂ ಎತ್ತಲಿಲ್ಲ. ಅಂದು ಸಂಜೆ ಶೇಖಾವಲಿ ಅಭ್ಯಾಸಬಲದಿಂದ “ಮಧ್ಯಾಹ್ನ ಬಿಟ್ಟಿದ್ರೂ ಇಷ್ಟೊತ್ತಿಗೆ...” ಎಂದು ಬಾಯಿ ತೆರೆದ. ದಸ್ತಗೀರಬಿ ಬರೀ ಒಂದು ಸಲ ನೋಡಿದಳು. ಬಾಯಿ ತಾನಾಗಿ ಮುಚ್ಚಿತು. ಶನಿವಾರ ತಂತಿ ಬರುವ ತನಕ ಆ ಮನೆಯಲ್ಲಿ ಯಾರೂ ದೂರ, ವೇಗ ಎಂಬ ಮಾತು ಆಡಲಿಲ್ಲ. ವಹಾಬ ಸುಖವಾಗಿ ಮುಟ್ಟಿದ್ದ. ದಸ್ತಗೀರಬಿ ತಂತಿಯನ್ನು ಕಣ್ಣಿಗೆ ಒತ್ತಿಕೊಂಡು, ಅತ್ತು, ನಕ್ಕು, ಆಮೇಲೆ ಕಸಬರಿಗೆಯನ್ನು ತಂದು ಎರಡೂ ಕೈಯಿಂದ ಗಂಡನಿಗೆ ಒಪ್ಪಿಸಿದಳು. ಈ ಕಲೆಯಲ್ಲಿ ಈಗ ಮನೆಯಲ್ಲಿ ಅನುಭವಸ್ಥ ಆತನೊಬ್ಬನೇ ಆಗಿದ್ದ.

ಸೋಮವಾರ ಶೇಖಾವಲಿ ಮತ್ತೆ ಬೇವಿನ ಮರದ ಬುಡದಲ್ಲಿ ನಿಂತಿದ್ದ. ಗಂಟು ಹೊತ್ತ ಮುದುಕನೊಬ್ಬ ಬಂದು ಕೇಳಿದ.

“ಏಜೆಂಟ್ರ, ಹೊಸಪ್ಯಾಟಿ ಬಸ್ಸು ಯಾವಾಗ ಬಿಡ್ತೈತ್ರಿ?”

“ಈಗ...” ಎಂದ ಶೇಖಾವಲಿ, ಹತ್ತಿಯ ಎಳೆ ಇನ್ನೂ ಅಂಟಿದೆಯೇನೋ ಎಂಬಂತೆ ಗಡ್ಡ ಕೊಡವಿಕೊಂಡ. “ಗೊತ್ತಿಲ್ಲಪ್ಪ.”

“ಎಷ್ಟೊತ್ತಿಗೆ ಮುಟ್ತೈತಿ?”

ಒಂದೂವರೆ ತಾಸು ಎಂಬ ಮಾತು ತುಟಿಯ ತನಕ ಬಂದಿತ್ತು. ಆತ ಅದನ್ನು ನುಂಗಿಕೊಂಡ. ಮುದುಕನ ಗಂಟನ್ನು ತಾನೇ ಎತ್ತಿ ಬಸ್ಸಿನೊಳಗಿಟ್ಟು ಕೇಳಿದ.

“ಮನ್ಯಾಗ ಕಸ ಗುಡಿಸಬ್ಯಾಡ್ರಿ ಅಂತ ಹೇಳಿ ಬಂದೀಯಿಲ್ಲೋ, ಅಜ್ಜ?”

“ನಮ್ಮ ಮುದುಕಿ ಎಲ್ಲಿ ಗುಡಿಸ್ತಾಳ್ರಿ! ನಾನು ಮುಟ್ಟೋತನಕ ಕಸಬರಿಗಿ ಮುಟ್ಟಾಕಿ ಅಲ್ಲ.”

“ಹಂಗಾರ ಮುಟ್ತೀ ಬಿಡು” ಎಂದ ಶೇಖಾವಲಿ. “ಹತ್ತಿ ಕೂತ್ಕ.”